ಎಚ್ಚರವಿದ್ದವನ ಗೊರಕೆ

ನೆಂಟರು ಎಲ್ಲಿ ಸೇರಿದರೂ ನನ್ನ ನಿದ್ದೆಯ ಕಥೆ ಒಮ್ಮೆ ಬಂದೇ ಬರುತ್ತದೆ. ಮದುವೆಯ ಊಟ ಮುಗಿದು ಎಲ್ಲರೂ ಕುರ್ಚಿ ಎಳೆದುಕೊಂಡು ಕುಳಿತಾಗ ಯಾರಾದರೂ ಶುರು ಮಾಡುತ್ತಾರೆ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಮನೆಯಲ್ಲಿ ತೇರ್ಸ್ ನಡೆಯುತ್ತಿತ್ತು. ತೇರ್ಸ್ ಎಂದರೆ ನಾವು ಕೊಂಕಣಿ ಕ್ರೈಸ್ತರು ದಿನಾ ಸಂಜೆ ದೇವರ ಪೀಠದ ಮುಂದೆ ಮನೆಮಂದಿಯೆಲ್ಲ ಸೇರಿ ಹೇಳುವ ಜಪಮಾಲೆ. ಅದರ ಕೊನೆಗೆ ಮರಿಯ ಮಾತೆಯ ಬಿರುದುಗಳನ್ನು ಒಂದೊಂದಾಗಿ ಹೇಳುವ ಉದ್ದದ ಪ್ರಾರ್ಥನೆಯೊಂದು ಉಂಟು. ಒಬ್ಬರು ಬಿರುದು ಹೇಳಬೇಕು, ಉಳಿದವರು ನಮಗಾಗಿ ಪ್ರಾರ್ಥಿಸಿ ಎನ್ನಬೇಕು. ಆ ಹೊತ್ತಿಗೆ ನಾನು ಮೊಣಕಾಲೂರಿದಲ್ಲೇ ನಿದ್ದೆ ಹೋಗಿ ಮುಂದಕ್ಕೆ ವಾಲಿದೆ. ಮೇಣದ ಬತ್ತಿಗೆ ಕೂದಲು ತಾಗಿ ಚುರುಗುಟ್ಟಿತು. ಅಮ್ಮ ಗಾಬರಿಯಲ್ಲಿ ಇಗರ್ಜಿಯಿಂದ ತಂದಿಟ್ಟಿದ್ದ ಆಶೀರ್ವಾದದ ನೀರಿನ ಬಾಟ್ಲಿಯನ್ನೇ ತಲೆಯ ಮೇಲೆ ಸುರಿದಳು. ಆಗಲೂ ನಾನು ಏಳಲಿಲ್ಲವಂತೆ.

"ಅವನಿಗೆ ಎರಡನೇ ಸಲ ಜ್ಞಾನಸ್ನಾನ ಆದದ್ದು ಮಾರಾಯ, ಅದೂ ಗೊತ್ತಾಗಲಿಲ್ಲ" ಎಂದು ಒಬ್ಬರು ಹೇಳುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ಕಥೆ ಸುಳ್ಳಲ್ಲ. ನಿಜವಾದ್ದರಿಂದಲೇ ಮುಂದೆ ನಾನು ಅದರ ಹಿಂದೆ ಅಡಗಿಕೊಳ್ಳಲು ಆಯಿತು.

ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಬರೆಯಲು ಬರುವುದು ಕನ್ನಡ ಮಾತ್ರ, ಏಕೆಂದರೆ ನಾನು ಕಲಿತ ಏಳು ಕ್ಲಾಸು ಕನ್ನಡ ಶಾಲೆಯಲ್ಲಿ. ಆಮೇಲೆ ಕೆಂಪು ಕಲ್ಲಿನ ಕೋರೆಗೆ ಹೋದೆ. ಈಗಲೂ ಕುಂಬ್ಡಾಜೆ ಕಡೆಯ ಒಂದು ಕೋರೆಯಲ್ಲೇ ಕೆಲಸ. ಕಲ್ಲು ಕೊಯ್ಯಲು ಮೆಷಿನ್ ಬಂದಿದೆ; ಎತ್ತಿ ಲಾರಿಗೆ ತುಂಬಲು ಇನ್ನೂ ಮನುಷ್ಯನ ಬೆನ್ನೇ ಬೇಕು. ಬೆಳಿಗ್ಗೆ ಐದೂವರೆಗೆ ಪಿಕಪ್ ನಮ್ಮ ದಾರಿಯ ಬುಡಕ್ಕೆ ಬಂದು ಹಾರ್ನ್ ಹೊಡೆಯುತ್ತದೆ. ಅಪ್ಪ ನಾವು ಚಿಕ್ಕವರಿರುವಾಗಲೇ ತೀರಿಕೊಂಡರು. ಮನೆಯಲ್ಲಿದ್ದದ್ದು ಅಮ್ಮ, ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ, ಮತ್ತು ನಾನು. ನಮಗಿಬ್ಬರಿಗೂ ಮದುವೆ ಆಗಲಿಲ್ಲ. ಅಕ್ಕ ಹತ್ತಿರದ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅನ್ನ ಬೇಯಿಸುತ್ತಾಳೆ.

ಅಮ್ಮನಿಗೆ ಪಕ್ಷವಾತ ಬಡಿದು ಎಡಭಾಗ ಪೂರ್ತಿ ಬಿದ್ದುಹೋಯಿತು. ಮಾತು ತೊದಲಿತು. ಆಸ್ಪತ್ರೆಯಿಂದ ತಂದು ಚಾವಡಿಯಲ್ಲಿ ಕಬ್ಬಿಣದ ಮಂಚ ಹಾಕಿ ಮಲಗಿಸಿದೆವು. ಮೂರೂವರೆ ವರ್ಷ ಅವಳು ಅಲ್ಲೇ ಇದ್ದಳು. ಹಾಸಿಗೆ ಹಿಡಿದವರ ಆರೈಕೆಗೆಂದೇ ಇರುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ವಾರಕ್ಕೊಮ್ಮೆ ಬಂದು ಬೆನ್ನಿನ ಹುಣ್ಣು ನೋಡಿ, ಮೂತ್ರದ ಟ್ಯೂಬ್ ಬೇಕಾದರೆ ಹಾಕಿ, ಬೇಡವಾದರೆ ತೆಗೆದು ಹೋಗುತ್ತಿದ್ದರು. ಉಳಿದದ್ದೆಲ್ಲ ಅಕ್ಕ. ಅಮ್ಮನಿಗೆ ಕರೆಯಲು ಕಷ್ಟವೆಂದು ಅಕ್ಕ ಒಂದು ಸ್ಟೀಲಿನ ಲೋಟ ಅವಳ ಬಲಗೈಯ ಹತ್ತಿರ ಇಟ್ಟಳು. ಏನಾದರೂ ಬೇಕಾದರೆ ಅಮ್ಮ ಅದನ್ನು ಮಂಚದ ಸರಳಿಗೆ ಬಡಿಯುತ್ತಿದ್ದಳು. ಟಿಣ್, ಟಿಣ್. ಅಕ್ಕ ಮಂಚದ ಬುಡದಲ್ಲಿ ಚಾಪೆ ಹಾಕಿ ಮಲಗುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ. ಆ ಕೋಣೆಗೆ ಬಾಗಿಲು ಉಂಟು, ಆದರೆ ಹಾಕುವ ಅಭ್ಯಾಸ ಇರಲಿಲ್ಲ.

ಮೊದಲ ಒಂದೆರಡು ತಿಂಗಳು ನಾನೂ ಎದ್ದಿದ್ದೇನೆ. ಅಮ್ಮನನ್ನು ಮಗ್ಗುಲು ತಿರುಗಿಸಲು, ಬಟ್ಟೆ ಬದಲಿಸುವಾಗ ಎತ್ತಿ ಹಿಡಿಯಲು ಇಬ್ಬರು ಬೇಕಾಗುತ್ತಿತ್ತು. ಆಮೇಲೆ ಒಂದು ದಿನ ಲೋಟದ ಸದ್ದು ಕೇಳಿತು, ಎಚ್ಚರವಾಯಿತು, ಆದರೂ ಏಳಲಿಲ್ಲ. ಅಕ್ಕ ಏಳುತ್ತಾಳೋ ನೋಡೋಣ ಎಂದುಕೊಂಡೆ. ಅಕ್ಕ ಎದ್ದಳು. ಕೆಟ್ಟದ್ದು ಶುರುವಾದದ್ದು ಅಷ್ಟೇ ಸಣ್ಣದರಿಂದ. ಬೆನ್ನು ನೋಯುತ್ತಿತ್ತು, ಕೈಗಳು ಕಲ್ಲಿನ ಹಾಗೆ ಬಿದ್ದಿದ್ದವು, ಅದೂ ನಿಜ. ಆದರೆ ಮರುದಿನ ಬೆಳಿಗ್ಗೆ ಅಕ್ಕ ಚಾ ಕೊಡುತ್ತಾ, "ಪಾಪ, ನಿನಗೆ ಎಚ್ಚರವೇ ಆಗಲಿಲ್ಲ. ಕಲ್ಲು ಹೊತ್ತ ಜೀವ" ಅಂದಳು. ನಾನು ಸುಮ್ಮನೆ ಚಾ ಕುಡಿದೆ. ಆ ಸುಮ್ಮನೆ ಕುಡಿದ ಚಾದಿಂದ ಅಭ್ಯಾಸ ಗಟ್ಟಿಯಾಯಿತು.

ಒಮ್ಮೆ ಅವಳಿಗೆ ಒಬ್ಬಳಿಗೇ ಆಗಲಿಲ್ಲ. ಟಾರ್ಚ್ ಹಿಡಿದುಕೊಂಡು ನನ್ನನ್ನು ಕರೆಯಲು ಕೋಣೆಯ ತನಕ ಬಂದಳು. ಬೆಳಕು ರೆಪ್ಪೆಯ ಮೇಲೆ ಬಿತ್ತು. ಮುಚ್ಚಿದ ಕಣ್ಣಿನೊಳಗೆ ಎಲ್ಲ ಕೆಂಪಾಯಿತು. ಆಗ ನಾನು ಗೊರಕೆ ಹೊಡೆದೆ. ಮೊದಲು ಸಣ್ಣಕೆ, ಆಮೇಲೆ ಸ್ವಲ್ಪ ಉದ್ದಕ್ಕೆ ಎಳೆದು. ಯಾರೂ ಕಲಿಸಿದ್ದಲ್ಲ. ಅಕ್ಕ ಒಂದು ಗಳಿಗೆ ನಿಂತಿದ್ದು, ಟಾರ್ಚ್ ಆರಿಸಿ ಹೋದಳು. ಚಾವಡಿಯಲ್ಲಿ ಅವಳು ಅಮ್ಮನನ್ನು ಒಬ್ಬಳೇ ಎತ್ತುವಾಗ ಉಸಿರು ಬಿಗಿಹಿಡಿದದ್ದು, ಮಂಚ ಕಿರುಗುಟ್ಟಿದ್ದು, "ಸ್ವಲ್ಪ ಈಚೆ ಬಾ ಮಾಂಯ್, ಈಚೆ" ಎಂದು ಅಮ್ಮನಿಗೆ ಹೇಳಿದ್ದು, ಎಲ್ಲ ಕೇಳಿತು. ನಾನು ಗೊರಕೆ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಸಂಶಯ ಬರಬಹುದೆಂದು ಹೆದರಿ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹೊಡೆದೆ.

ಅದು ಮೂರು ವರ್ಷ ನಡೆಯಿತು. ವಿಚಿತ್ರವೆಂದರೆ ಆ ಮೂರು ವರ್ಷ ನಾನೂ ಸರಿಯಾಗಿ ಮಲಗಲಿಲ್ಲ. ಮಲಗಿದವನ ಹಾಗೆ ಮಲಗಿರುವುದು ಕಲ್ಲು ಹೊರುವುದಕ್ಕಿಂತ ಆಯಾಸದ ಕೆಲಸ. ಕಿವಿ ಯಾವಾಗಲೂ ತೆರೆದಿರಬೇಕು. ಯಾವ ಹೆಜ್ಜೆ ಅಡುಗೆಮನೆಗೆ ಹೋಗುತ್ತದೆ, ಯಾವುದು ನನ್ನ ಕಡೆಗೆ ಬರುತ್ತದೆ ಎಂದು ಗೊತ್ತಿರಬೇಕು. ನಿದ್ದೆ ಮಾಡುವವನಿಗೆ ಈ ಯಾವ ಚಿಂತೆಯೂ ಇಲ್ಲ.

ನರ್ಸ್ ಒಮ್ಮೆ ಭಾನುವಾರ ಬಂದಿದ್ದರು. ನಾನು ಮನೆಯಲ್ಲಿದ್ದೆ. ಅಕ್ಕನ ಕಣ್ಣಿನ ಸುತ್ತ ಕಪ್ಪಾದದ್ದನ್ನು ನೋಡಿ, "ನಿಮ್ಮ ತಮ್ಮ ಎಂತ ಮಾಡ್ತಾನೆ ರಾತ್ರಿ? ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತಾನಾ?" ಎಂದು ಕೇಳಿದರು.

"ಅವನನ್ನು ಎಬ್ಬಿಸಲಿಕ್ಕೆ ಇಗರ್ಜಿಯ ಗಂಟೆ ತಂದು ತಲೆಯ ಹತ್ತಿರ ಕಟ್ಟಬೇಕಷ್ಟೆ ಸಿಸ್ಟರ್" ಎಂದಳು ಅಕ್ಕ, ನಗುತ್ತಾ. "ಅವನು ಹುಟ್ಟಿದ್ದೇ ಹಾಗೆ. ಬಿಡಿ, ಹಗಲು ಕಷ್ಟ ಉಂಟು ಅವನಿಗೆ."

ನರ್ಸ್ ನನ್ನನ್ನು ನೋಡಿದರು. ನಾನು ಅಂಗಳದ ಕಡೆ ನೋಡಿದೆ.

ಈಗ ಹೇಳಲೇಬೇಕಾದ ರಾತ್ರಿಗೆ ಬರುತ್ತೇನೆ. ಆ ವಾರ ಅಕ್ಕನಿಗೆ ಜ್ವರ. ಶಾಲೆಗೆ ರಜೆ ಹಾಕಿದ್ದಳು, ಆದರೆ ಚಾವಡಿಯ ಕೆಲಸಕ್ಕೆ ರಜೆ ಇರಲಿಲ್ಲ. ಮೂರನೇ ದಿನ ಮಾತ್ರೆ ನುಂಗಿ ಬೇಗ ಚಾಪೆಗೆ ಬಿದ್ದಳು. ನನಗೆ ಲೋಟದ ಸದ್ದು ಕೇಳಿ ಎಚ್ಚರವಾಯಿತು. ಎಂದಿನ ಹಾಗೆ ಅಕ್ಕ ಚಾಪೆಯಿಂದ ಏಳುವ ಸದ್ದಿಗೆ ಕಾದೆ. ಬರಲಿಲ್ಲ. ಲೋಟ ಮತ್ತೆ ಬಡಿಯಿತು. ಬರಲಿಲ್ಲ. ಆಗ ಲೋಟ ನೆಲಕ್ಕೆ ಬಿದ್ದು ಉರುಳಿತು. ಆಮೇಲೆ ಅಮ್ಮ ಬಾಯಿ ತೆರೆದು ಕರೆದಳು. ಅಕ್ಕನನ್ನಲ್ಲ.

"ಪುತಾ."

ಕೊಂಕಣಿಯಲ್ಲಿ ತಾಯಿ ಮಗನನ್ನು ಕರೆಯುವ ಮಾತು. ತೊದಲು ನಾಲಿಗೆಯಲ್ಲೂ ಸ್ಪಷ್ಟವಾಗಿತ್ತು. ಮೂರು ಸಲ ಕರೆದಳು. ಮೂರು ಸಲವೂ ನಾನು ಕೇಳಿದೆ. ಅಕ್ಕ ಈಗ ಎದ್ದಾಳು, ಈಗ ಎದ್ದಾಳು ಎಂದುಕೊಂಡು ಬಿದ್ದಿದ್ದೆ. ಇಷ್ಟು ಹೊತ್ತು ಏಳದವನು ಈಗ ಎದ್ದರೆ ಮೊದಲಿನಿಂದ ಎಚ್ಚರವಿದ್ದದ್ದು ಗೊತ್ತಾಗುತ್ತದಲ್ಲ ಎಂಬ ಹೆದರಿಕೆಯೂ ಇತ್ತು. ಯಾರಿಗೆ ಗೊತ್ತಾಗುವುದು? ಅಕ್ಕ ಜ್ವರದಲ್ಲಿದ್ದಳು. ಅಮ್ಮ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆದರೂ ಹೆದರಿದೆ. ಕರೆಯುವುದು ನಿಂತಿತು.

ಬೆಳಿಗ್ಗೆ ಅಮ್ಮ ಒದ್ದೆ ಬಟ್ಟೆಯಲ್ಲಿ ಬಿದ್ದಿದ್ದಳು. ತುಟಿ ಒಣಗಿತ್ತು. ಬಾಯಾರಿಕೆಯಾಗಿತ್ತೋ, ಬಟ್ಟೆ ಬದಲಿಸಬೇಕಿತ್ತೋ, ಅಥವಾ ಸುಮ್ಮನೆ ನನ್ನನ್ನು ನೋಡಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕ ನೆಲದಲ್ಲಿದ್ದ ಲೋಟ ನೋಡಿ ತಲೆಗೆ ಕೈಹೊತ್ತು ಕುಳಿತಳು. "ನಾನು ಸತ್ತ ಹಾಗೆ ಮಲಗಿದೆ. ಮಾಂಯ್ ಎಷ್ಟು ಬಡಿದಳೋ, ಎಷ್ಟು ಕರೆದಳೋ, ಯಾರಿಗೂ ಕೇಳಲಿಲ್ಲ" ಎಂದು ಅತ್ತಳು. ನಾನು ಅಲ್ಲೇ ನಿಂತಿದ್ದೆ. ಹೊರಗೆ ಪಿಕಪ್ ಹಾರ್ನ್ ಹೊಡೆಯಿತು. ನಾನು ಹೋದೆ.

ಹನ್ನೊಂದು ದಿನ ಕಳೆದು ಅಮ್ಮ ತೀರಿಕೊಂಡಳು. ಆ ರಾತ್ರಿಗೂ ಸಾವಿಗೂ ಸಂಬಂಧವಿಲ್ಲ, ಎದೆಯಲ್ಲಿ ಮೊದಲೇ ಕಫ ಕಟ್ಟಿತ್ತು ಎಂದು ನರ್ಸ್ ಅಕ್ಕನಿಗೆ ಎಷ್ಟೋ ಸಲ ಹೇಳಿದರು. ಅಕ್ಕ ತಲೆ ಅಲ್ಲಾಡಿಸುತ್ತಿದ್ದಳು, ಒಪ್ಪುತ್ತಿರಲಿಲ್ಲ.

ಅಕ್ಕನ ನಿದ್ದೆ ಹೋದದ್ದು ಹಾಗೆ. ಅಮ್ಮ ಇರುವಾಗ ಅವಳು ತುಂಡು ತುಂಡಾಗಿಯಾದರೂ ಮಲಗುತ್ತಿದ್ದಳು. ಅಮ್ಮ ಹೋದ ಮೇಲೆ ಅದೂ ಇಲ್ಲ. ಮಂಚ ಕಳಚಿ ಹಿಂದಿನ ಕೊಟ್ಟಿಗೆಯಲ್ಲಿ ಇಟ್ಟಾಯಿತು. ಆದರೂ ಅಕ್ಕ ಚಾವಡಿಯಲ್ಲಿ ಅದೇ ಜಾಗದಲ್ಲಿ ಚಾಪೆ ಹಾಕುತ್ತಿದ್ದಳು. ಕಣ್ಣು ಮುಚ್ಚಿದ ಕೂಡಲೇ ಲೋಟದ ಸದ್ದು ಕೇಳುತ್ತದೆ ಅನ್ನುತ್ತಿದ್ದಳು. ಕೇಳಿದ್ದು ಸುಳ್ಳೆಂದು ಗೊತ್ತಿದ್ದೂ ಎದ್ದು ಕೂರುತ್ತಿದ್ದಳು.

ಮಾಡದ ಮದ್ದಿಲ್ಲ. ಹಾಲಿಗೆ ಜಾಯಿಕಾಯಿ ತೇದು ಕುಡಿದಳು. ಅಂಗಾಲಿಗೆ ತೆಂಗಿನೆಣ್ಣೆ ತಿಕ್ಕಿಕೊಂಡಳು. ಸಂಜೆಯ ಚಾ ಬಿಟ್ಟಳು. ಹಾಸಿಗೆಯಲ್ಲಿ ಹೊರಳಾಡಬೇಡಿ, ನಿದ್ದೆ ಬಾರದಿದ್ದರೆ ಎದ್ದು ಕೂತು ಏನಾದರೂ ಸಣ್ಣ ಕೆಲಸ ಮಾಡಿ, ತೂಕಡಿಕೆ ಬಂದ ಮೇಲೆ ಮಲಗಿ ಎಂದು ನರ್ಸ್ ಹೇಳಿದ್ದನ್ನೂ ಮಾಡಿದಳು. ಆ ಲೆಕ್ಕದಲ್ಲಿ ನಮ್ಮ ಮನೆಯ ಅಕ್ಕಿಯಲ್ಲಿ ಒಂದು ಕಲ್ಲು ಉಳಿಯಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ತಿಂದರೆ ಮಲಗುತ್ತಿದ್ದಳು, ಮರುದಿನ ಮಧ್ಯಾಹ್ನದ ತನಕ ಮಂಕಾಗಿರುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ಮಾತ್ರೆಯ ನಿದ್ದೆ ಎಂದರೆ ಅವಳಿಗೆ ಜ್ವರದ ರಾತ್ರಿಯ ನಿದ್ದೆಯೇ. ಎರಡು ದಿನ ತಿಂದು ಬಿಟ್ಟಳು. ಕೊನೆಗೆ ಹಾಸಿಗೆಯಲ್ಲೇ ಜಪಮಾಲೆ ಹಿಡಿದಳು. ಒಂದು ಜಪಮಾಲೆ ಮುಗಿಯುವ ಮೊದಲು ಮಾತೆ ನಿದ್ದೆ ಕೊಡುತ್ತಾಳೆ ಎಂದು ಅಮ್ಮ ಹೇಳುತ್ತಿದ್ದದ್ದು. ಅಕ್ಕ ಮೂರು ಮುಗಿಸಿ ನಾಲ್ಕನೆಯದನ್ನು ಹಿಡಿಯುತ್ತಿದ್ದಳು. ಬೆಳಿಗ್ಗೆ ಬೆರಳಿನಲ್ಲಿ ಮಣಿಗಳ ಗುರುತು ಇರುತ್ತಿತ್ತು.

ಒಂದು ದಿನ ಇಗರ್ಜಿಯಿಂದ ಬರುವಾಗ ದಾರಿಯಲ್ಲಿ ಹೇಳಿದಳು: "ಪಾಪನಿವೇದನೆಯಲ್ಲಿ ಹೇಳಿದೆ ನಾನು, ಅವತ್ತು ಮಲಗಿದ್ದನ್ನು."

"ನಿದ್ದೆ ಮಾಡಿದ್ದು ಎಂತ ಪಾಪ?"

"ಫಾದರ್ ಕೂಡ ಅದನ್ನೇ ಹೇಳಿದ್ದು. ಅವರು ಕೇಳಲಿಲ್ಲವಲ್ಲ, ಅಮ್ಮ ಕರೆದದ್ದನ್ನು. ಯಾರೂ ಕೇಳಲಿಲ್ಲ."

ನಾನು ಮಾಡಿದ ಪಾಪವನ್ನು ಅಕ್ಕ ತನ್ನದೆಂದು ಹೊತ್ತುಕೊಂಡು ಹೋಗಿ ಕ್ಷಮೆ ಕೇಳಿ ಬಂದಿದ್ದಳು. ನಾನು ಅವಳ ಪಕ್ಕದಲ್ಲಿ ಕೊಡೆ ಹಿಡಿದುಕೊಂಡು ನಡೆದೆ.

ನನ್ನ ಪಾಪನಿವೇದನೆ ಆದದ್ದು ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ತಪಸ್ಸು ಕಾಲದ ಒಂದು ಶನಿವಾರ. ನಮ್ಮ ಫಾದರ್ ವಯಸ್ಸಾದವರು. ಬೆಳಗಿನಿಂದ ಕೂತು ಕೂತು ಸುಸ್ತಾಗಿದ್ದರು. ನಾನು ಹೇಳುವ ನಡುವೆ ಒಮ್ಮೆ ಆಕಳಿಸಿದ್ದೂ ಕೇಳಿತು. ನಾನು ಅದಕ್ಕೇ ಕಾದವನ ಹಾಗೆ, ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಸ್ವಾಮಿ ಪ್ರಾರ್ಥಿಸುವಾಗ ಶಿಷ್ಯರು ಕೂಡ ಮಲಗಿದ್ದರಲ್ಲ ಫಾದರ್ ಎಂದೆ. ಎಲ್ಲಿಂದ ಬಂತೋ ಆ ಧೈರ್ಯ.

"ಮಲಗಿದ್ದರು," ಎಂದರು ಅವರು. "ಅವರ ಕಣ್ಣು ನಿಜವಾಗಿ ಭಾರ ಆಗಿತ್ತು. ಸ್ವಾಮಿಗೆ ಅದು ಗೊತ್ತಿತ್ತು. ನಿನಗೆ?"

"ನನಗೆ ಎಚ್ಚರ ಇತ್ತು."

"ಹಾಗಾದರೆ ಆ ಕಥೆಯ ಹಿಂದೆ ಅಡಗಬೇಡ. ಅದು ನಿನ್ನದಲ್ಲ."

ಆಮೇಲೆ ಅವರೇ ನಿಧಾನವಾಗಿ ಹೇಳಿದರು. ಬಿರುಗಾಳಿಯಲ್ಲಿ ದೋಣಿ ಮುಳುಗುವ ಹಾಗಾದಾಗ ಸ್ವಾಮಿ ದಿಂಬಿಗೆ ತಲೆಯಿಟ್ಟು ಮಲಗಿದ್ದರು. ತಂದೆ ಎಚ್ಚರವಿದ್ದಾನೆ ಎಂಬ ನಂಬಿಕೆ ಇದ್ದವನು ಮಾತ್ರ ಹಾಗೆ ಮಲಗಬಲ್ಲ. ದೇವರಿಗೆ ತೂಕಡಿಕೆ ಇಲ್ಲ, ಅದಕ್ಕಾಗಿ ಮನುಷ್ಯನಿಗೆ ನಿದ್ದೆ ಕೊಟ್ಟದ್ದು. ಮಲಗುವುದು ಎಂದರೆ ನಾನಿಲ್ಲದೆಯೂ ಲೋಕ ನಡೆಯುತ್ತದೆ ಎಂದು ಒಪ್ಪಿಕೊಳ್ಳುವುದು, ಅದೂ ಒಂದು ಪ್ರಾರ್ಥನೆಯೇ. "ನೀನು ಆ ಪ್ರಾರ್ಥನೆಯನ್ನು ನಾಟಕ ಮಾಡಿದಿ," ಎಂದರು. "ನಿನ್ನ ಅಕ್ಕನಿಗೆ ಆ ಪ್ರಾರ್ಥನೆ ಮರೆತೇ ಹೋಗಿದೆ. ಮೂರು ನಮೋ ಮರಿಯ ಜಪ ಹೇಳು ಅಂದರೆ ನೀನು ಬಾಗಿಲು ದಾಟುವ ಮೊದಲು ಮುಗಿಸ್ತಿ. ನಿನಗೆ ಪ್ರಾಯಶ್ಚಿತ್ತ ಬೇರೆ. ಹೋಗಿ ಅವಳಿಗೆ ಹೇಳು."

ಹೇಳಲಿಲ್ಲ. ನಾಳೆ, ಗರಿಗಳ ಭಾನುವಾರ, ಪಾಸ್ಕ ಹಬ್ಬ ಕಳೆಯಲಿ, ಶಾಲೆಯ ರಜೆ ಮುಗಿಯಲಿ ಎಂದು ಮುಂದೆ ಹಾಕಿದೆ. ಹೇಳಿದರೆ ಅಕ್ಕ ನನ್ನನ್ನು ಹೇಗೆ ನೋಡಬಹುದು ಎಂಬುದಷ್ಟೇ ನನ್ನ ಚಿಂತೆ. ಅವಳ ನಿದ್ದೆ ನನ್ನ ಬಾಯಿಯೊಳಗೆ ಇದೆ ಎಂದು ಗೊತ್ತಿದ್ದೂ ಬಾಯಿ ತೆರೆಯಲಿಲ್ಲ.

ಜೂನಿನಲ್ಲಿ ಶಾಲೆ ತೆರೆದು ಎರಡನೇ ವಾರ. ಹಿಂದಿನ ದಿನದ ಮಳೆಗೆ ಕೋರೆಯಲ್ಲಿ ನೀರು ನಿಂತು ಆ ದಿನ ಕೆಲಸವಿರಲಿಲ್ಲ, ನಾನು ಮನೆಯಲ್ಲೇ ಇದ್ದೆ. ಶಾಲೆಯಿಂದ ಫೋನ್ ಬಂತು. ದೊಡ್ಡ ಪಾತ್ರೆಯಿಂದ ಗಂಜಿ ಬಸಿಯುವಾಗ ಅಕ್ಕ ನಿಂತಲ್ಲೇ ತೂಕಡಿಸಿದ್ದಳು. ಬಿಸಿ ತಿಳಿ ಎಡಗೈಯ ಮೇಲೆ ಮೊಣಕೈ ತನಕ ಸುರಿದಿತ್ತು. ಮಕ್ಕಳು ಆಗಷ್ಟೇ ತಟ್ಟೆ ಹಿಡಿದು ಸಾಲು ನಿಂತಿದ್ದರಂತೆ. ಒಂದು ಹೆಜ್ಜೆ ಆಚೆ ವಾಲಿದ್ದರೆ ಪಾತ್ರೆ ಮಕ್ಕಳ ಮೇಲೆ. ಆಸ್ಪತ್ರೆಯಲ್ಲಿ ಅಕ್ಕ ಕೈ ನೋವಿನ ಮಾತೇ ಆಡಲಿಲ್ಲ. "ಮಕ್ಕಳ ಮೇಲೆ ಬೀಳ್ತಿತ್ತು ಮಾರಾಯ, ಮಕ್ಕಳ ಮೇಲೆ" ಎಂದು ಅದನ್ನೇ ಹೇಳುತ್ತಿದ್ದಳು. ಹೆಡ್ಮಾಷ್ಟ್ರು ಒಳ್ಳೆಯವರು. ಕೈ ಗುಣವಾಗಲಿ, ಆಮೇಲೆ ನೋಡೋಣ ಎಂದರು. ಆ ನೋಡೋಣ ಎಂದದ್ದು ಏನೆಂದು ನಮಗಿಬ್ಬರಿಗೂ ಗೊತ್ತಾಯಿತು.

ಆ ಭಾನುವಾರ ಪೂಜೆಯಿಂದ ಬಂದ ಮೇಲೆ ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ನಾನು ಹಲಸಿನ ಬೀಜ ಸುಲಿಯುತ್ತಿದ್ದೆ. ಅಕ್ಕ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟು ಗೋಡೆಗೆ ಒರಗಿದ್ದಳು. ಎಷ್ಟು ದಪ್ಪ ಸುಲಿಯುತ್ತೀ, ಅರ್ಧ ಬೀಜ ಸಿಪ್ಪೆಗೇ ಹೋಯಿತು ಎಂದು ಬೈದಳು. ನಾನು ತಲೆಯೆತ್ತದೆ ಹೇಳಿದೆ.

"ಅಕ್ಕ, ಅವತ್ತು ಅಮ್ಮ ಕರೆದದ್ದು ನನಗೆ ಕೇಳಿತ್ತು."

"ಎಂತ?"

"ನಿನಗೆ ಜ್ವರ ಇತ್ತಲ್ಲ, ಆ ದಿನ. ಲೋಟ ಬಿದ್ದದ್ದೂ ಕೇಳಿತ್ತು. ಪುತಾ ಅಂತ ಮೂರು ಸಲ ಕರೆದಳು. ನಾನು ಎಚ್ಚರ ಇದ್ದೆ."

ಅಕ್ಕ ಗೋಡೆಯಿಂದ ಬೆನ್ನು ಎತ್ತಿ ನೇರ ಕೂತಳು. ಆಮೇಲೆ ಕೇಳಿದ ಪ್ರಶ್ನೆಗಳು ನಾನು ನೆನೆಸಿದ ಹಾಗೆ ಇರಲಿಲ್ಲ.

"ಆ ದಿನ ಮಾತ್ರವಾ?"

"ಅಲ್ಲ."

"ಅಮ್ಮ ವಾಂತಿ ಮಾಡಿದ ದಿನ?"

"ಕೇಳಿತ್ತು."

"ನಾನು ಟಾರ್ಚ್ ತಕ್ಕೊಂಡು ಬಂದದ್ದು?"

"ಗೊತ್ತಿತ್ತು."

"ಗೊರಕೆ ಹೊಡೀತಿದ್ದಿಯಲ್ಲ."

"ಹೌದು."

"ಅದೂ ಸುಳ್ಳಾ?"

ನಾನು ಬೀಜ ಕೆಳಗಿಟ್ಟೆ. ಅಕ್ಕ ನಗುವ ಹಾಗೆ ಒಂದು ಸದ್ದು ಮಾಡಿದಳು, ಅದು ನಗು ಆಗಿರಲಿಲ್ಲ. "ನಾನು ಒಬ್ಬಳು ಮರುಳಿ," ಎಂದಳು. "ನಿನಗೆ ಎಚ್ಚರ ಆಗಬಾರದು ಅಂತ ಅಡುಗೆಮನೆಯ ನಳ್ಳಿ ಕೂಡ ಸಣ್ಣ ತಿರುಗಿಸ್ತಿದ್ದೆ. ಬಳೆ ಮೇಲೆ ದೂಡಿ ಮುಂಗೈಗೆ ಸಿಕ್ಕಿಸ್ತಿದ್ದೆ." ಎದ್ದು ಒಳಗೆ ಹೋದಳು. ಆ ದಿನ ಪಲ್ಯಕ್ಕೆ ಉಪ್ಪು ಹಾಕಿದ್ದು ನಾನು, ಹೆಚ್ಚಾಗಿತ್ತು. ಅವಳು ಏನೂ ಹೇಳದೆ ಉಂಡಳು.

ನಮ್ಮಲ್ಲಿ ತೇರ್ಸ್ ಮುಗಿದ ಮೇಲೆ ಚಿಕ್ಕವರು ದೊಡ್ಡವರ ಹತ್ತಿರ ಬೆಸಾಂವ್ ಕೇಳುವ ಕ್ರಮ ಉಂಟು. ಬೆಸಾಂವ್ ಎಂದರೆ ಆಶೀರ್ವಾದ. ಕೈಮುಗಿದು ಕೇಳಿದರೆ ಅವರು ದೇವರು ಒಳ್ಳೆಯದು ಮಾಡಲಿ ಎಂದು ಹರಸುತ್ತಾರೆ. ಎಷ್ಟು ಜಗಳವಾಗಿದ್ದರೂ ಅದನ್ನು ಕೇಳದೆ, ಕೊಡದೆ ಮಲಗಬಾರದು ಎಂದು ಅಮ್ಮನ ಕಟ್ಟಪ್ಪಣೆ. ಅಮ್ಮ ಹೋದ ಮೇಲೆ ನಾನು ಅಕ್ಕನಲ್ಲಿ ಕೇಳುತ್ತಿದ್ದೆ. ಆ ಭಾನುವಾರ ಸಂಜೆಯೂ ಕೇಳಿದೆ. ಅಕ್ಕ ಮೇಣದ ಬತ್ತಿ ಆರಿಸಿ ಎದ್ದು ಹೋದಳು. ಮರುದಿನವೂ ಹಾಗೆಯೇ. ನಾನು ಕೇಳುವುದನ್ನು ಬಿಡಲಿಲ್ಲ, ಅವಳು ಕೊಡಲಿಲ್ಲ. ಅನ್ನ ಬಡಿಸುತ್ತಿದ್ದಳು, ಕೋರೆಯ ಅಂಗಿ ಒಗೆಯಲು ಹಾಕು ಎನ್ನುತ್ತಿದ್ದಳು, ಅದು ಮಾತ್ರ ಇಲ್ಲ.

ಒಂಬತ್ತನೇ ದಿನವೋ ಹತ್ತನೇ ದಿನವೋ ತೇರ್ಸ್ ಮುಗಿದ ಮೇಲೆ ಅವಳು ತನ್ನ ಚಾಪೆ, ದಿಂಬು ಎತ್ತಿಕೊಂಡು ಹೋಗಿ ನನ್ನ ಕೋಣೆಯಲ್ಲಿ ಹಾಕಿದಳು. ನನ್ನ ಹಾಸಿಗೆಯನ್ನು ಒಂದೇ ಕೈಯಲ್ಲಿ ಎಳೆದು ತಂದು ಚಾವಡಿಯಲ್ಲಿ, ಅಮ್ಮನ ಮಂಚವಿದ್ದ ಜಾಗದ ಬುಡದಲ್ಲಿ ಬಿಸಾಡಿದಳು.

"ಇವತ್ತಿನಿಂದ ನೀನು ಇಲ್ಲಿ ಮಲಗು."

"ಎಂತಕ್ಕೆ?"

"ನಿನಗೆ ಕೇಳ್ತದಲ್ಲ."

ಅವಳು ದಿಂಬು ಸರಿ ಮಾಡುತ್ತಾ ನನ್ನನ್ನು ನೋಡದೆ ಹೇಳಿದಳು: "ಇಷ್ಟು ದಿನ ನಾನು ತಿಳ್ಕೊಂಡದ್ದು, ಈ ಮನೆಯಲ್ಲಿ ಕಿವಿ ಇರುವುದು ನನಗೆ ಒಬ್ಬಳಿಗೆ ಅಂತ. ನಾನು ಕಣ್ಣು ಮುಚ್ಚಿದರೆ ಕೇಳಲಿಕ್ಕೆ ಯಾರೂ ಇಲ್ಲ ಅಂತ. ಈಗ ಗೊತ್ತಾಯಿತು. ನನಗಿಂತ ಚುರುಕಿನ ಕಿವಿ ನಿನ್ನದು. ನೀನು ಕೇಳು."

"ಆದರೆ ಅಕ್ಕ, ಈಗ ಯಾರು ಕರೀತಾರೆ? ಅಮ್ಮ ಇಲ್ಲವಲ್ಲ."

"ಅದು ನನಗೆ ಗೊತ್ತುಂಟು," ಎಂದಳು. "ನನ್ನ ಕಿವಿಗೆ ಗೊತ್ತಿಲ್ಲ."

ಕೋಣೆಗೆ ಹೋಗಿ, ಎಂದೂ ಹಾಕದ ಆ ಬಾಗಿಲನ್ನು ಹಾಕಿಕೊಂಡಳು.

ಆ ದಿನದಿಂದ ನಾನು ಕಾವಲು. ಬೆಳಗಾಗುವ ತನಕ ಎಂದೇ ಹೊರಟಿದ್ದೆ. ನಾಲ್ಕು ದಿನದಲ್ಲಿ ಕೋರೆಯಲ್ಲಿ ಕಾಲು ನಡುಗಿ ಕಲ್ಲು ಕೈಜಾರಿತು. ನನ್ನ ಪಾದ ಉಳಿದದ್ದು ಪುಣ್ಯ. ಫಾದರ್ ಹತ್ತಿರ ಹೋಗಿ ಹೇಳಿದರೆ ಅವರು ಗದರಿದರು. "ಅಕ್ಕನ ಕಾಯಿಲೆಯನ್ನು ನೀನು ತಕ್ಕೊಂಡರೆ ಅದು ಪ್ರಾಯಶ್ಚಿತ್ತ ಅಲ್ಲ, ಅಂಟುರೋಗ. ನಿನ್ನ ಪಾಳಿ ಇಷ್ಟು ಹೊತ್ತು ಅಂತ ಇಟ್ಕೋ. ಉಳಿದದ್ದನ್ನು ಯಾರಿಗೆ ಕೊಡಬೇಕೋ ಅವರಿಗೆ ಕೊಡು." ಈಗ ನನ್ನ ಪಾಳಿ ಗಡಿಯಾರ ಹನ್ನೊಂದು ಹೊಡೆಯುವ ತನಕ. ಅಲ್ಲಿವರೆಗೆ ಗೋಡೆಗೆ ಒರಗಿ ಕೂತು ಕೇಳುತ್ತೇನೆ. ಶಿರಿಯ ಹೊಳೆಯ ಕಡೆಯಿಂದ ಬರುವ ಗಾಳಿ, ಹಂಚಿನ ಮೇಲೆ ತೆಂಗಿನ ಒಣ ಮಡಲು ಬೀಳುವುದು, ಕೋಣೆಯೊಳಗೆ ಅಕ್ಕ ಮಗ್ಗುಲು ಬದಲಿಸುವುದು. ಹನ್ನೊಂದಾದ ಮೇಲೆ, ಇನ್ನು ನೀನು ನೋಡಿಕೋ ಸ್ವಾಮಿ ಎಂದು ಹೇಳಿ ಮಲಗುತ್ತೇನೆ. ನಾನು ಕಲಿತ ಹೊಸ ಪ್ರಾರ್ಥನೆ ಅದೊಂದೇ. ಕೆಲವು ದಿನ ಅದು ಹಿಡಿಯುತ್ತದೆ. ಕೆಲವು ದಿನ, ನಿದ್ದೆ ಬರುವ ಹೊತ್ತಿಗೆ ಸರಿಯಾಗಿ, ಅಮ್ಮ ಕರೆಯುತ್ತಾಳೆ. ಲೋಟದ ಸದ್ದಲ್ಲ, ನನಗೆ ಕೇಳುವುದು ಆ ಮೂರು ಕರೆ. ಆಗ ನಿಜವಾಗಿಯೂ ಎದ್ದು ನಿಲ್ಲುತ್ತೇನೆ. ಬಂದೆ ಮಾಂಯ್ ಎನ್ನುತ್ತೇನೆ, ಪಿಸುಮಾತಿನಲ್ಲಿ, ಅಕ್ಕನಿಗೆ ಕೇಳಬಾರದಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಮತ್ತೆ ಮಲಗುತ್ತೇನೆ.

ಅಕ್ಕನಿಗೆ ಒಂದೇ ದಿನದಲ್ಲಿ ನಿದ್ದೆ ಬರಲಿಲ್ಲ. ಮೊದಲ ವಾರ ಬಾಗಿಲು ತೆರೆದು ಎರಡೆರಡು ಸಲ ನನ್ನನ್ನು ಪರೀಕ್ಷೆ ಮಾಡಲು ಬಂದಳು. "ಎಚ್ಚರ ಇದ್ದೀಯಾ?" "ಇದ್ದೇನೆ." "ಸುಳ್ಳು ಅಲ್ಲವಲ್ಲ?" ಎಚ್ಚರ ಇದ್ದೇನೆಂದು ಸುಳ್ಳು ಹೇಳುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಆಮೇಲೆ ಒಂದೇ ಸಲ ಬಂದಳು. ಆಮೇಲೆ ಕೆಲವು ದಿನ ಬರಲಿಲ್ಲ. ಕೈಯ ಗಾಯ ಒಣಗಿ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಬಂತು. ಹೆಡ್ಮಾಷ್ಟ್ರು ಮುಂದಿನ ಸೋಮವಾರದಿಂದ ಬರಲು ಹೇಳಿದ್ದಾರೆ. ಮೊದಲು ತರಕಾರಿ ಹೆಚ್ಚುವುದು ಮಾತ್ರ, ಪಾತ್ರೆ ಆಮೇಲೆ.

ಬೆಸಾಂವ್ ಮಾತ್ರ ಅವಳು ಕೊಟ್ಟಿರಲಿಲ್ಲ. ನಾನು ಕೇಳುತ್ತಲೇ ಇದ್ದೆ.

ಮೊನ್ನೆ ಶುಕ್ರವಾರ ತೇರ್ಸಿನ ಕೊನೆಯಲ್ಲಿ ನಾನು ಮಾತೆಯ ಬಿರುದುಗಳನ್ನು ಹೇಳುತ್ತಿದ್ದೆ. ಅರ್ಧಕ್ಕೆ ಬರುವಾಗ ಉತ್ತರ ಬರುವುದು ನಿಂತಿತು. ತಿರುಗಿ ನೋಡಿದೆ. ಅಕ್ಕ ಚಾಪೆಯ ಮೇಲೆ ಕೂತಲ್ಲೇ ಮುಂದಕ್ಕೆ ವಾಲಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಜಪಮಾಲೆ ಬೆರಳಿನಿಂದ ಜಾರಿ ಮಡಿಲಲ್ಲಿ ಬಿದ್ದಿತ್ತು. ಗಂಟೆ ಎಂಟೂ ಆಗಿರಲಿಲ್ಲ. ಎದ್ದು ಮೇಣದ ಬತ್ತಿಯನ್ನು ಅವಳ ಕೂದಲಿನಿಂದ ದೂರ ಸರಿಸಿದೆ. ಸ್ವರ ತಗ್ಗಿಸಿ, ಉಳಿದ ಬಿರುದುಗಳನ್ನು ನಾನೇ ಹೇಳಿ, ಅವಳ ಉತ್ತರವನ್ನೂ ನಾನೇ ಹೇಳಿ ಮುಗಿಸಿದೆ.

ಆಮೇಲೆ ಎಂದಿನ ಹಾಗೆ ಅವಳ ಮುಂದೆ ಕೈಮುಗಿದು ಬೆಸಾಂವ್ ಕೇಳಿದೆ. ದಿನಾ ಕೇಳುವ ಸ್ವರದಲ್ಲೇ ಕೇಳಿದೆ. ಆಚೆ ಮನೆಯ ನಳ್ಳಿಯ ಹನಿ ಕೂಡ ಕೇಳುತ್ತಿದ್ದ ಅಕ್ಕನಿಗೆ ಅದು ಕೇಳಿಸಲಿಲ್ಲ.